ಪರದೆ ಮೇಲೆ 20, ಕ್ಯಾಲಿಪರ್‌ನಲ್ಲಿ 22: ಹರಳು ಎಳೆಯುವ ಯಂತ್ರದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಬಗೆ

ಕುಲುಮೆ ತಣ್ಣಗಾದ ಮೇಲೆ ಹರಳನ್ನು ಕೈಗೆ ತೆಗೆದುಕೊಂಡೆವು. ಬಿದಿರಿನ ಕೋಲಿನ ಹಾಗೆ ಉದ್ದಕ್ಕೂ ಗಂಟು. ಗಂಟಿನ ಮೇಲೆ ಕ್ಯಾಲಿಪರ್ ಇಟ್ಟರೆ 22 ಮಿಮೀ. ಎರಡು ಗಂಟಿನ ನಡುವೆ 18. ಆದರೆ ಹಿಂದಿನ ರಾತ್ರಿಯಿಡೀ ಕಂಪ್ಯೂಟರ್ ಪರದೆ ಮೇಲೆ ವ್ಯಾಸ 20ರ ಆಸುಪಾಸಿನಲ್ಲೇ ಇತ್ತು. ಗ್ರಾಫಿನ ಗೆರೆ ದಾರ ಹಿಡಿದ ಹಾಗೆ ನೇರ. ಅಲಾರಂ ಒಂದೂ ಇಲ್ಲ.

ಈ ತಪ್ಪು ಹಿಡಿಯಲು ನಮಗೆ ಒಂದೂವರೆ ತಿಂಗಳು ಬೇಕಾಯಿತು. ಸರಿಯಾದ ತುದಿಯಿಂದ ಶುರು ಮಾಡಿದ್ದರೆ ಎರಡು ದಿನ ಸಾಕಿತ್ತು. ಬೇರೆ ಯಾರಿಗಾದರೂ ಆ ದಿನಗಳು ಉಳಿಯಲಿ ಅಂತ ಪೂರ್ತಿ ಬರೆದಿಡುತ್ತಿದ್ದೇನೆ.

ನಮ್ಮ ಜಾಗ ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿದೆ. ಮೊದಲು ಅದು ಕಾಫಿ ಗೋದಾಮು. ಈಗ ನಾವು ನಾಲ್ಕು ಜನ ಅಲ್ಲಿ ಹಳೆಯದೊಂದು ಜರ್ಮೇನಿಯಂ ಪುಲ್ಲರ್ ಓಡಿಸುತ್ತೇವೆ. ಜರ್ಮೇನಿಯಂ ಅಂದರೆ ಸಿಲಿಕಾನ್ ಥರದ ಅರೆವಾಹಕ, ಪುಲ್ಲರ್ ಅಂದರೆ ಅದರ ಹರಳು ಎಳೆಯುವ ಯಂತ್ರ. ಯಂತ್ರ ಹಳೆಯದು, ಅದರ ಕಂಟ್ರೋಲ್ ಸಾಫ್ಟ್‌ವೇರ್ ಹೊಸದು. ಸಾಫ್ಟ್‌ವೇರ್ ಬರೆದವನು ನಾನು.

ಯಂತ್ರದ ಕೆಲಸ ಎರಡು ಮಾತಿನಲ್ಲಿ

ಪೋಲೆಂಡಿನ ಯಾನ್ ಚೊಕ್ರಾಲ್‌ಸ್ಕಿ 1916ರಲ್ಲಿ ಕಂಡುಕೊಂಡ ವಿಧಾನ ಇದು. ಬೆಲ್ ಲ್ಯಾಬ್ಸ್‌ನ ಗಾರ್ಡನ್ ಟೀಲ್ ಮತ್ತು ಜಾನ್ ಲಿಟಲ್ 1940ರ ದಶಕದ ಕೊನೆಗೆ ಇದೇ ದಾರಿಯಲ್ಲಿ ಜರ್ಮೇನಿಯಂ ಹರಳು ಎಳೆದರು. ಗ್ರಾಫೈಟ್ ಮೂಸೆಯಲ್ಲಿ ಜರ್ಮೇನಿಯಂ ಕರಗಿಸಬೇಕು. ಅದು 938 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸುತ್ತ ಆರ್ಗಾನ್ ಅನಿಲ. ಮೇಲಿನಿಂದ ಬೀಜದ ಹರಳನ್ನು ಇಳಿಸಿ ದ್ರವಕ್ಕೆ ತಾಗಿಸಿ, ತಿರುಗಿಸುತ್ತಾ ನಿಧಾನಕ್ಕೆ ಮೇಲೆತ್ತಬೇಕು. ಬಿಸಿ ಜಾಸ್ತಿಯಾದರೆ ಹರಳು ಸಣ್ಣಗಾಗುತ್ತದೆ, ಕಡಿಮೆಯಾದರೆ ದಪ್ಪಗಾಗುತ್ತದೆ. ಸಾಫ್ಟ್‌ವೇರ್‌ನ ಮುಖ್ಯ ಕೆಲಸ ಈ ಬಿಸಿಯನ್ನು ಹದದಲ್ಲಿ ಇಡುವುದು.

ನಮ್ಮ ಯಂತ್ರದಲ್ಲಿ ವ್ಯಾಸವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಹರಳು ಒಂದು ಲೋಡ್ ಸೆಲ್‌ಗೆ, ಅಂದರೆ ತೂಕ ಅಳೆಯುವ ಸೆನ್ಸರ್‌ಗೆ, ನೇತುಬಿದ್ದಿರುತ್ತದೆ. ತೂಕ ಎಷ್ಟು ಬೇಗ ಏರುತ್ತಿದೆ ಅನ್ನುವುದರಿಂದ ವ್ಯಾಸದ ಲೆಕ್ಕ ಹಾಕುತ್ತೇವೆ. ಪರದೆಯ ಮೇಲಿನ 20 ಅಳತೆಯಲ್ಲ, ಲೆಕ್ಕ. ಇದು ನನಗೆ ಗೊತ್ತಿತ್ತು. ಆದರೂ ಆ 20ನ್ನು ಅಳತೆ ಅಂತಲೇ ನಂಬಿ ಕೂತಿದ್ದೆ.

ಮೊದಲು ಹರಳನ್ನು ಓದಿ

ಹರಳು ಗಂಟು ಗಂಟಾಗಿ ಬಂದರೆ ಎಲ್ಲರ ಕೈಯೂ ನೇರವಾಗಿ ಪಿಐಡಿ ಸಂಖ್ಯೆಗಳ ಕಡೆಗೆ ಹೋಗುತ್ತದೆ. ಬೇಕಾದ ವ್ಯಾಸಕ್ಕೂ ಇರುವ ವ್ಯಾಸಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ಬಿಸಿ ಹೊಂದಿಸುವ ಲೆಕ್ಕವೇ ಪಿಐಡಿ. ನಾವೂ ಹಾಗೇ ಮಾಡಿದೆವು. ಎರಡು ವಾರ ಗೇನ್ (ವ್ಯತ್ಯಾಸಕ್ಕೆ ಎಷ್ಟು ಜೋರಾಗಿ ಸ್ಪಂದಿಸಬೇಕು ಅನ್ನುವ ಸಂಖ್ಯೆ) ಏರಿಸಿದೆವು, ಇಳಿಸಿದೆವು. ಒಂದು ಹರಳು ಸ್ವಲ್ಪ ಚೆನ್ನಾಗಿ ಬಂತು ಅಂತ ಖುಷಿಪಟ್ಟರೆ ಮುಂದಿನದು ಮತ್ತೆ ಬಿದಿರು.

ಪಿಐಡಿ ಮುಟ್ಟಬೇಡಿ. ಒಂದು ಸ್ಕೇಲ್ ಮತ್ತು ಕ್ಯಾಲಿಪರ್ ತೆಗೆದುಕೊಂಡು ಹರಳಿನ ಮುಂದೆ ಕೂತುಕೊಳ್ಳಿ. ಗಂಟಿನಿಂದ ಗಂಟಿಗೆ ಎಷ್ಟು ಅಂತರ ಅಂತ ಬರೆದುಕೊಳ್ಳಿ. ನಮ್ಮ ಎಳೆತ ಗಂಟೆಗೆ 30 ಮಿಮೀ. ಆದರೆ ಹರಳು ಬೆಳೆದಂತೆ ಮೂಸೆಯ ದ್ರವದ ಮಟ್ಟ ಕೆಳಗಿಳಿಯುತ್ತದೆ. 60 ಮಿಮೀ ಒಳವ್ಯಾಸದ ಮೂಸೆ, 20 ಮಿಮೀ ಹರಳು ಅಂದರೆ ನಿಜವಾದ ಬೆಳವಣಿಗೆ ಗಂಟೆಗೆ ಸುಮಾರು 33.5 ಮಿಮೀ. ಹಾಗಾಗಿ ಹರಳಿನ ಮೇಲಿನ 1 ಮಿಮೀ ಅಂದರೆ ಸುಮಾರು 1.8 ನಿಮಿಷ. ಸ್ಕೇಲ್ ಇಟ್ಟು ಸಮಯ ಓದಬಹುದು.

ಈ ಮಟ್ಟ ಇಳಿಯುವುದನ್ನು ಸೂತ್ರದಲ್ಲಿ ಸೇರಿಸದ ಸಾಫ್ಟ್‌ವೇರ್‌ಗಳೂ ಇವೆ. ಆಗ ವ್ಯಾಸ ಶೇಕಡಾ 5ರಿಂದ 6ರಷ್ಟು ತಪ್ಪುತ್ತದೆ. ಆದರೆ ಅದು ಉದ್ದಕ್ಕೂ ಒಂದೇ ಸಮನಾದ ತಪ್ಪು, ಗಂಟು ಮಾಡುವುದಿಲ್ಲ. ಹರಳು ನಯವಾಗಿದ್ದು ಸುಮ್ನೆ ಸಣ್ಣ ಅಥವಾ ದಪ್ಪ ಬಂದಿದ್ದರೆ ಮಾತ್ರ ಸೂತ್ರ ನೋಡಿ.

ಗಂಟುಗಳ ಅಂತರ ಒಂದೇ ಸಮ ಇದೆಯೋ ಇಲ್ಲವೋ ಅನ್ನುವುದು ದೊಡ್ಡ ಸುಳಿವು. ಪಿಐಡಿ ತೂಗಾಡುತ್ತಿದ್ದರೆ ಅಂತರ ಸಮವಾಗಿರುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಆನ್ ಆಫ್ ಆಗುವುದರಿಂದ ಬಂದದ್ದಾದರೂ ಸಮವೇ. ನಮ್ಮದರಲ್ಲಿ ಒಂದು ಅಂತರ 6 ಮಿಮೀ, ಮುಂದಿನದು 14, ಅದರ ಮುಂದಿನದು 9. ಅಂದರೆ 11 ನಿಮಿಷ, 25 ನಿಮಿಷ, 16 ನಿಮಿಷ. ತಾಳವೇ ಇಲ್ಲ. ಇದನ್ನು ನೋಡಿದ ದಿನವೇ ಪಿಐಡಿ ಬಿಡಬೇಕಿತ್ತು.

ಇನ್ನೊಂದು ಹೋಲಿಕೆ ಪರದೆ ಮತ್ತು ಹರಳಿನ ನಡುವೆ. ಗ್ರಾಫ್ ಕುಣಿದು ಹರಳೂ ಗಂಟಾಗಿದ್ದರೆ ಕುಲುಮೆಯಲ್ಲಿ ನಿಜವಾಗಿಯೂ ಏನೋ ಅಲುಗಾಡುತ್ತಿದೆ. ಕರೆಂಟ್, ನೀರು, ಅಥವಾ ಲೂಪ್ (ಅಳತೆ ನೋಡಿ ಬಿಸಿ ತಿದ್ದುತ್ತಾ ಇರುವ ಸುತ್ತು). ಗ್ರಾಫ್ ಕುಣಿದು ಹರಳು ನಯವಾಗಿದ್ದರೆ ತೂಕದ ಸಿಗ್ನಲ್‌ನಲ್ಲಿ ಗಲಾಟೆ ಇದೆ, ಯಂತ್ರದಲ್ಲಲ್ಲ. ಗ್ರಾಫ್ ನೇರ ಇದ್ದು ಹರಳು ಗಂಟಾಗಿದ್ದರೆ, ನಮ್ಮ ಹಾಗೆ, ಸಾಫ್ಟ್‌ವೇರ್ ಕುಲುಮೆಯನ್ನು ನೋಡುತ್ತಲೇ ಇಲ್ಲ. ಮೂರರಲ್ಲಿ ಇದೇ ಅಪಾಯದ್ದು. ಯಾಕಂದ್ರೆ ಇದು ಯಾರನ್ನೂ ಎಬ್ಬಿಸುವುದಿಲ್ಲ.

ಲೂಪ್ ಬಿಚ್ಚಿ ಒಂದು ಗಂಟೆ ಕಾಯಿರಿ

ಹರಳು ಓದಿದ ಮೇಲೆ ಮಾಡಬೇಕಾದ ಪರೀಕ್ಷೆ ಇದು. ಜರ್ಮೇನಿಯಂ ಕರಗಿಸಿ, ಬೀಜವನ್ನು ದ್ರವಕ್ಕೆ ತಾಗಿಸದೆ ಮೇಲೆ ನೇತುಹಾಕಿ. ಕಂಟ್ರೋಲ್ ಮ್ಯಾನುವಲ್‌ಗೆ ಹಾಕಿ, ಔಟ್‌ಪುಟ್ ಒಂದೇ ಕಡೆ ನಿಲ್ಲಿಸಿ. ಒಂದು ಗಂಟೆ ಉಷ್ಣತೆ, ವೋಲ್ಟೇಜ್, ತಂಪು ನೀರಿನ ಉಷ್ಣತೆ, ಆರ್ಗಾನ್ ಒತ್ತಡ ಮತ್ತು ತೂಕ ಇಷ್ಟನ್ನೂ ಸೆಕೆಂಡಿಗೊಮ್ಮೆ ಲಾಗ್ ಮಾಡಿ.

ಏನೂ ಬೆಳೆಯುತ್ತಿಲ್ಲ, ಹಾಗಾಗಿ ತೂಕ ಅಲ್ಲಾಡಬಾರದು. ಆರ್ಗಾನ್ ಒತ್ತಡದ ಜೊತೆ ತೂಕವೂ ಏರಿಳಿದರೆ ಹರಳು ಹಿಡಿದ ಶಾಫ್ಟ್‌ನ ಸುತ್ತಲಿನ ಮಡಿಕೆ ಕೊಳವೆ (ಬೆಲ್ಲೋಸ್) ಲೋಡ್ ಸೆಲ್ ಅನ್ನು ಎಳೆಯುತ್ತಿದೆ ಅಂತ ಅರ್ಥ. ಶಾಫ್ಟ್ ತಿರುಗುವ ತಾಳಕ್ಕೆ ತೂಕ ಕುಣಿದರೆ ಶಾಫ್ಟ್ ಓರೆಯಾಗಿದೆ. ನಮ್ಮದು ನಿಮಿಷಕ್ಕೆ 12 ಸುತ್ತು, ಸುತ್ತಿಗೆ 5 ಸೆಕೆಂಡು. ಅದಕ್ಕೇ ತೂಕದ ಸರಾಸರಿಯನ್ನು 60 ಸೆಕೆಂಡಿಗೆ ತೆಗೆಯುತ್ತೇವೆ. ಅದರಲ್ಲಿ ಸರಿಯಾಗಿ 12 ಸುತ್ತು ಕೂರುತ್ತವೆ, ಕುಣಿತ ತಾನಾಗಿಯೇ ಹೊಡೆದುಹೋಗುತ್ತದೆ. 50 ಅಥವಾ 65 ಇಟ್ಟರೂ ನಡೆಯುತ್ತದೆ. 63 ಇಟ್ಟರೆ ಇಲ್ಲ.

ವೋಲ್ಟೇಜ್ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತದೆ, ಬಲ್ಬ್ ಮಂಕಾಗಿರುತ್ತದೆ. ಹೀಟರ್‌ನ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇದ್ದದ್ದು 207ಕ್ಕೆ ಬಂದರೆ ವೋಲ್ಟೇಜ್ ಹತ್ತೇ ಶೇಕಡಾ ಇಳಿದದ್ದು, ಆದರೆ ಪವರ್ ಶೇಕಡಾ 81ಕ್ಕೆ ಬರುತ್ತದೆ. ಥೈರಿಸ್ಟರ್ (ಹೀಟರ್‌ಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಸ್ವಿಚ್) ಕೋನವನ್ನು ಮಾತ್ರ ಹೊಂದಿಸುವ ಸಾಫ್ಟ್‌ವೇರ್‌ಗೆ ಇದು ಗೊತ್ತೇ ಆಗುವುದಿಲ್ಲ, ಕರಗು ತಣ್ಣಗಾದ ಮೇಲೆಯೇ ಗೊತ್ತಾಗುವುದು. ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಅಳೆದು, ಗುಣಿಸಿ, ಆ ಪವರ್ ಅನ್ನೇ ಕಾಯುವ ಒಳಗಿನ ಲೂಪ್ ಒಂದು ಬೇಕು. ನಮ್ಮಲ್ಲಿ ಅದು ಇತ್ತು. ಸ್ಟೆಬಿಲೈಸರ್ ಕೂಡ ಇತ್ತು. ಒಂದು ಗಂಟೆಯ ಲಾಗ್‌ನಲ್ಲಿ ಉಷ್ಣತೆ ಅರ್ಧ ಡಿಗ್ರಿಯೂ ಆಚೀಚೆ ಆಗಲಿಲ್ಲ. ಕರೆಂಟ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಎತ್ತರದ ಊರಿನವರಿಗೆ ಇಲ್ಲೇ ಒಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1170 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 880 ಮಿಲಿಬಾರ್. ಚೇಂಬರ್ ತೆರೆದಿಟ್ಟಾಗ ಒತ್ತಡದ ಮೀಟರ್ 880 ತೋರಿಸಿದರೆ ಅದು ಸರಿಯಾಗಿಯೇ ಇದೆ. ನಮ್ಮಲ್ಲಿ ಯಾರೋ ಅದನ್ನು ತಪ್ಪು ಅಂದುಕೊಂಡು, ಸಾಫ್ಟ್‌ವೇರ್‌ನಲ್ಲಿ 133 ಕೂಡಿಸಿ 1013 ಮಾಡಿಟ್ಟಿದ್ದರು. ಆಮೇಲೆ ವ್ಯಾಕ್ಯೂಮ್ ಎಳೆದಾಗ ಮೀಟರ್ 133ಕ್ಕಿಂತ ಕೆಳಗೆ ಬರಲೇ ಇಲ್ಲ. ಪಂಪ್ ಹಾಳಾಗಿದೆ ಅಂತ ಎರಡು ದಿನ ಪಂಪ್ ಬಿಚ್ಚಿ ಜೋಡಿಸಿದೆವು.

ಗೇನ್ ಏರಿಸಿದಷ್ಟೂ ಕೆಟ್ಟರೆ

ಮುಖ್ಯ ಕಥೆಗೆ ಹೋಗುವ ಮುಂಚೆ ಇದನ್ನೂ ಹೇಳಬೇಕು. ತೂಕದಿಂದ ವ್ಯಾಸ ತಿಳಿಯುವ ಎಲ್ಲರೂ ಒಂದಲ್ಲ ಒಂದು ದಿನ ಇದಕ್ಕೆ ಎಡವುತ್ತಾರೆ.

ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ ಅಲ್ವಾ. ಜರ್ಮೇನಿಯಂ, ಸಿಲಿಕಾನ್ ಕೂಡ ಹಾಗೇ. ಗಟ್ಟಿಯಾದದ್ದು ದ್ರವಕ್ಕಿಂತ ಹಗುರ. ಹರಳಿನ ಬುಡಕ್ಕೆ ಸ್ವಲ್ಪ ದ್ರವ ಅಂಟಿಕೊಂಡು ಮೇಲೆದ್ದಿರುತ್ತದೆ. ಲೋಡ್ ಸೆಲ್ ತೂಗುವುದು ಹರಳು ಮತ್ತು ಈ ದ್ರವ ಎರಡನ್ನೂ. ಹರಳು ದಪ್ಪಗಾಗಲು ಶುರುವಾದ ಕ್ಷಣದಲ್ಲಿ ಆ ಅಂಟಿದ ದ್ರವದ ಎತ್ತರ ಕುಗ್ಗುತ್ತದೆ. ತೂಕ ಏರುವ ವೇಗ ಮೊದಲು ಕಡಿಮೆಯಾಗಿ, ಆಮೇಲೆ ಜಾಸ್ತಿಯಾಗುತ್ತದೆ. ಹರಳು ದಪ್ಪಗಾಗುತ್ತಿದ್ದರೂ ಲೆಕ್ಕ ಮಾತ್ರ ಸಣ್ಣಗಾಗುತ್ತಿದೆ ಅನ್ನುತ್ತದೆ. ಪಿಐಡಿ ಅದನ್ನು ನಂಬಿ ಇನ್ನೂ ತಣ್ಣಗೆ ಮಾಡುತ್ತದೆ. 1977ರಲ್ಲಿ ಬಾರ್ಡ್ಸ್‌ಲಿ, ಹರ್ಲ್ ಮತ್ತು ಜಾಯ್ಸ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಆ ದ್ರವದ ಭಾಗವನ್ನು ಸಿಗ್ನಲ್‌ನಿಂದ ಕಳೆಯಬೇಕು ಅಂತಲೂ ಹೇಳಿದರು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ತಿದ್ದುಪಡಿ ಇಲ್ಲದಿದ್ದರೆ ಗೇನ್ ಕಡಿಮೆ ಇಟ್ಟು, ಡೆರಿವೇಟಿವ್ (ಪಿಐಡಿಯಲ್ಲಿ ಬದಲಾವಣೆಯ ವೇಗಕ್ಕೆ ಸ್ಪಂದಿಸುವ ಭಾಗ) ಸೊನ್ನೆ ಮಾಡಿ, ನಿಧಾನಕ್ಕೆ ಓಡಿಸಿ. ಚುರುಕು ಮಾಡಲು ಹೋದಷ್ಟೂ ಇದು ಎದುರು ದಿಕ್ಕಿಗೆ ಎಳೆಯುತ್ತದೆ. ಆಗ ಬರುವ ಗಂಟುಗಳು ಸಮ ಅಂತರದಲ್ಲಿರುತ್ತವೆ, ಗ್ರಾಫಿನಲ್ಲೂ ಕಾಣುತ್ತವೆ. ನಮ್ಮದು ಹಾಗಿರಲಿಲ್ಲ.

ಸತ್ತ ನಂಬರ್

ಕಕ್ಕಡ 18ರ, ಅಂದರೆ ಕೊಡಗಿನಲ್ಲಿ ಮದ್ದುಸೊಪ್ಪಿನ ಅಡುಗೆ ಮಾಡುವ ಆಗಸ್ಟ್ ಮೊದಲ ವಾರದ ಹಬ್ಬದ, ಹಿಂದಿನ ದಿನ. ಹೊರಗೆ ಎರಡು ದಿನದಿಂದ ಬಿಡದೆ ಮಳೆ. ನಮ್ಮ ಆಪರೇಟರ್ ಅಣ್ಣ ಮನೆಗೆ ಮದ್ದುಸೊಪ್ಪು ಕೊಯ್ದಿಟ್ಟು, ಕೈಯಲ್ಲಿ ಬಣ್ಣ ಹಾಗೇ ಇರುವಾಗಲೇ ರಾತ್ರಿ ಪಾಳಿಗೆ ಬಂದಿದ್ದರು. ನಾನು ಗ್ರಾಫ್ ನೋಡುತ್ತಿದ್ದೆ. ಅವರು ಪಕ್ಕದ ಕಿಟಕಿಯಲ್ಲಿ ಕಚ್ಚಾ ಲಾಗ್ ಓಡುವುದನ್ನು ನೋಡುತ್ತಿದ್ದರು.

“ಸರ್, ಈ ತೂಕ ನಿಂತುಬಿಟ್ಟಿದೆ ನೋಡಿ” ಅಂದರು.

“ನಿಂತಿದ್ದರೆ ವ್ಯಾಸ ಬೀಳಬೇಕಿತ್ತಲ್ಲಣ್ಣ. 19.8 ಇದೆ.”

“ಅದೇ ನಾನು ಹೇಳೋದು. ಬದುಕಿರೋ ನಂಬರ್ ಆಗಿದ್ರೆ ಕೊನೆ ಅಂಕಿ ಕುಣೀಬೇಕಿತ್ತು. ಇದು ಸತ್ತ ನಂಬರ್.”

ಲಾಗ್ ನಿಲ್ಲಿಸಿ ಹಿಂದಕ್ಕೆ ಹೋದೆ. 2 ಗಂಟೆ 14 ನಿಮಿಷ 7 ಸೆಕೆಂಡಿಗೆ 412.36 ಗ್ರಾಂ. ಮುಂದಿನ ಸಾಲು 412.38. ಆಮೇಲೆ 412.39, 412.41, 412.43. ಗಂಟೆಗೆ 56 ಗ್ರಾಂ ಬೆಳೆಯುವ ಹರಳು ಸೆಕೆಂಡಿಗೆ ಸುಮಾರು 16 ಮಿಲಿಗ್ರಾಂ ಏರಬೇಕು, ಸರಿಯಾಗಿತ್ತು. ಅಲ್ಲಿಂದ ಮುಂದೆ 412.43. ಮತ್ತೆ 412.43. ಬೆರಳಿಟ್ಟು ಎಣಿಸಿದೆ, 47 ಸಾಲು 412.43. ನಂತರ ಒಂದೇ ಸಲ 413.16.

ತೂಕದ ಮೀಟರ್ ಕೆಟ್ಟಿರಲಿಲ್ಲ. ಅದರ ಮುಖದ ಮೇಲಿನ ಅಂಕಿಗಳು ಏರುತ್ತಲೇ ಇದ್ದವು. ಅದು ಹೇಳಿದ್ದು ಕಂಪ್ಯೂಟರ್‌ಗೆ ತಲುಪುತ್ತಿರಲಿಲ್ಲ. ಮೀಟರ್‌ನಿಂದ ಕಂಪ್ಯೂಟರ್‌ಗೆ ಆರ್‌ಎಸ್-485 ಅನ್ನುವ ಬಗೆಯ ಸಿಗ್ನಲ್ ತಂತಿ ಜೋಡಿ, ಅದರ ಮೇಲೆ ಮಾಡ್‌ಬಸ್ ಅನ್ನುವ ಪ್ರಶ್ನೋತ್ತರದ ಭಾಷೆ. ಪ್ರತಿ ಉತ್ತರದ ಕೊನೆಗೆ ತಪ್ಪು ಪತ್ತೆ ಮಾಡುವ ಸಂಕೇತ ಇರುತ್ತದೆ. ಅದು ಹೊಂದದಿದ್ದರೆ ನನ್ನ ಪ್ರೋಗ್ರಾಂ ಆ ಉತ್ತರ ಎಸೆದು ಹಿಂದಿನ ತೂಕವನ್ನೇ ಹಿಂತಿರುಗಿಸುತ್ತಿತ್ತು. ಒಂದೆರಡು ಉತ್ತರ ತಪ್ಪಿದರೆ ಓಟ ನಿಲ್ಲದಿರಲಿ ಅಂತ ಹಾಗೆ ಬರೆದಿದ್ದೆ. ತಪ್ಪನ್ನು ಎಣಿಸುವ ಸಾಲು ಬರೆದಿರಲಿಲ್ಲ.

ಹಾಗಾದರೆ ವ್ಯಾಸ ಯಾಕೆ ಬೀಳಲಿಲ್ಲ? ಅದಕ್ಕೆ ಕಾರಣ ಎರಡನೆಯ ಸಾಲು. ವ್ಯಾಸದ ಲೆಕ್ಕ ಒಮ್ಮೆಲೇ ಜಿಗಿದರೆ ‘ಇದು ಆಗುವ ಮಾತಲ್ಲ’ ಅಂತ ಬಿಟ್ಟು, ಹಿಂದಿನ ಒಳ್ಳೆಯ ವ್ಯಾಸವನ್ನೇ ಇಟ್ಟುಕೊಳ್ಳುವ ಫಿಲ್ಟರ್ ಹಾಕಿದ್ದೆ. ತೂಕ ನಿಂತಾಗ ಬಂದ ಲೆಕ್ಕವನ್ನು ಅದು ಎಸೆಯಿತು. ತೂಕ ಜಿಗಿದಾಗ ಬಂದದ್ದನ್ನೂ ಎಸೆಯಿತು. 60 ಸೆಕೆಂಡಿನ ಸರಾಸರಿ ತಿಳಿಯಾಗುವುದರೊಳಗೆ ಇನ್ನೊಂದು ತಡೆ. ಹೀಗೆ ಒಂದರ ಹಿಂದೆ ಒಂದು ಬಂದಾಗ 19.8 ಹತ್ತು ನಿಮಿಷ ಹಾಗೇ ಉಳಿಯುತ್ತಿತ್ತು.

ಪಿಐಡಿಗೆ ಕಾಣುವುದು ಇಷ್ಟೇ: ಬೇಕಾದದ್ದು 20, ಇರುವುದು 19.8, ಕೊರತೆ 0.2. ಇಂಟಿಗ್ರಲ್ ಆ 0.2ನ್ನು ಸೆಕೆಂಡಿಗೊಮ್ಮೆ ಕೂಡುತ್ತಾ ಹೋಗುತ್ತದೆ. ಸ್ವಲ್ಪ ತಣ್ಣಗೆ ಮಾಡು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಒಳಗೆ ಹರಳು 21 ದಾಟಿ 22ಕ್ಕೆ ಹೋಗುತ್ತಿದ್ದರೂ ಪರದೆಯಲ್ಲಿ 19.8. ಆಮೇಲೆ ಎಲ್ಲೋ ತಂತಿ ಸರಿಯಾಗಿ, ನಿಜವಾದ ವ್ಯಾಸ ನಿಧಾನಕ್ಕೆ ಒಳಗೆ ಬಂದು, ಪಿಐಡಿ ಬಿಸಿ ಏರಿಸಿ, ಹರಳು ಸಣ್ಣಗಾಗುತ್ತಾ 20ಕ್ಕೆ ಬರುವಾಗ ಮತ್ತೆ ತಡೆ. ಗಂಟುಗಳಿಗೆ ತಾಳ ಇಲ್ಲದ್ದು ಇದಕ್ಕೇ.

ಗ್ರಾಫನ್ನು ನಂಬಬೇಡಿ, ಕಚ್ಚಾ ಲಾಗ್ ತೆರೆಯಿರಿ. ಯಾವ ಸಂಖ್ಯೆಯೂ ಕೊನೆಯ ಅಂಕಿವರೆಗೆ ಒಂದೇ ಆಗಿ 5 ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು. ತೂಕ, ಉಷ್ಣತೆ ಅಳೆಯುವ ಥರ್ಮೋಕಪಲ್, ನೀರಿನ ಹರಿವು ಯಾವುದೇ ಇರಲಿ. ನಿಜವಾದ ಸೆನ್ಸರ್ ಸದಾ ಸ್ವಲ್ಪ ನಡುಗುತ್ತದೆ.

ತಂತಿ

ಸಾಫ್ಟ್‌ವೇರ್ ಯಾಕೆ ಸುಳ್ಳು ತೋರಿಸಿತು ಅಂತ ಗೊತ್ತಾಯಿತು. ಉತ್ತರಗಳು ಯಾಕೆ ಕೆಡುತ್ತಿದ್ದವು ಅನ್ನುವುದು ಬಾಕಿ ಇತ್ತು. ಮರುದಿನ ಎಲ್ಲ ಆಫ್ ಮಾಡಿ, 485 ಜೋಡಿಯ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದೆವು. ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರಬೇಕು, ಎರಡೂ ಸೇರಿ ಸುಮಾರು 60 ತೋರಿಸಬೇಕು. ನಮ್ಮದು 120 ತೋರಿಸಿತು. ಅಂದರೆ ಒಂದು ತುದಿ ಇಲ್ಲ.

ಕಂಪ್ಯೂಟರ್ ಕಡೆಯದು ಸರಿಯಿತ್ತು. ಮೀಟರ್ ಕಡೆ ಗೋಡೆಗೆ ಒಂದು ಜಂಕ್ಷನ್ ಡಬ್ಬಿ ಇದೆ. ಮುಚ್ಚಳ ತೆಗೆದರೆ ಒಳಗಿನ ತಗಡಿನ ಮೇಲೆ ಹನಿ ಹನಿ ನೀರು. ಮಣ್ಣಿನ ಗೋಡೆಯ ಹಳೆಯ ಗೋದಾಮು, ಕುಲುಮೆಯ ಬಿಸಿ ಒಂದು ಕಡೆ, ಹೊರಗಿನ ಮಳೆ ಇನ್ನೊಂದು ಕಡೆ, ನಡುವೆ ಈ ಡಬ್ಬಿ. ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ರೆಸಿಸ್ಟರ್‌ನ ಒಂದು ಕಾಲು ಸ್ಕ್ರೂ ಕೆಳಗೇ ತುಂಡಾಗಿತ್ತು, ಬೆರಳು ತಾಗಿಸಿದರೆ ಅಲ್ಲಾಡುತ್ತಿತ್ತು. ಸಾಲದ್ದಕ್ಕೆ ಸಿಗ್ನಲ್ ತಂತಿ ಹೀಟರ್‌ನ ದಪ್ಪ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಬಂದಿತ್ತು. ಥೈರಿಸ್ಟರ್ ಆನ್ ಆದಾಗಲೆಲ್ಲ ಆ ಸಡಿಲ ತುದಿ ಗದ್ದಲ ಹಿಡಿಯುತ್ತಿತ್ತು. ಬೇಸಿಗೆಯಲ್ಲಿ ಈ ತೇವ ಇರಲಿಲ್ಲ, ಇದೇ ಯಂತ್ರ ಚೆನ್ನಾಗಿ ಓಡಿದ್ದು ಅದಕ್ಕೇ.

ಹೊಸ ಟರ್ಮಿನಲ್, ಹೊಸ ರೆಸಿಸ್ಟರ್ ಹಾಕಿದೆವು. ತಂತಿಗೆ ಬೇರೆ ಪೈಪ್ ಎಳೆದೆವು. ಶೀಲ್ಡ್ ಅನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿದೆವು. ಡಬ್ಬಿಗೆ ರಬ್ಬರ್ ಗ್ಯಾಸ್ಕೆಟ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಪ್ರೋಗ್ರಾಂನಲ್ಲಿ ಬದಲಿಸಿದ್ದು

ತಂತಿ ಸರಿಯಾದರೆ ಸಾಲದು. ನಾಳೆ ಇನ್ನೊಂದು ತಂತಿ ಹೋಗುತ್ತದೆ. ಈಗ ಪ್ರತಿ ಸಂಖ್ಯೆಯ ಜೊತೆಗೂ ಅದು ಸೆನ್ಸರ್‌ನಿಂದ ಬಂದ ಹೊತ್ತು ಮತ್ತು ಅದು ಸರಿಯೋ ಹಳತೋ ಅನ್ನುವ ಗುರುತು ಹೋಗುತ್ತದೆ. ಸಂಖ್ಯೆಗೆ 3 ಸೆಕೆಂಡಿಗಿಂತ ವಯಸ್ಸಾದರೆ ಪರದೆಯಲ್ಲಿ ಅದು ಬೂದು ಬಣ್ಣಕ್ಕೆ ತಿರುಗುತ್ತದೆ, ಇಂಟಿಗ್ರಲ್ ಕೂಡುವುದನ್ನು ನಿಲ್ಲಿಸುತ್ತದೆ, ಔಟ್‌ಪುಟ್ ಇದ್ದಲ್ಲೇ ನಿಲ್ಲುತ್ತದೆ, ಗಂಟೆ ಹೊಡೆಯುತ್ತದೆ. ಫಿಲ್ಟರ್ ಸತತವಾಗಿ ಮೂರು ಲೆಕ್ಕ ಎಸೆದರೂ ಗಂಟೆ ಹೊಡೆಯುತ್ತದೆ. ಕೆಟ್ಟ ಉತ್ತರಗಳ ಎಣಿಕೆ ಪರದೆಯ ಮೂಲೆಯಲ್ಲಿ ಸದಾ ಕಾಣುತ್ತದೆ.

ಸಿಗ್ನಲ್ ಹೋದ ಕೂಡಲೇ ಹೀಟರ್ ಆಫ್ ಮಾಡುವ ಹಾಗೆ ಬರೆಯಬೇಡಿ. ಜರ್ಮೇನಿಯಂ ಗಟ್ಟಿಯಾಗುವಾಗ ಹಿಗ್ಗುತ್ತದೆ. ಮೂಸೆಯಲ್ಲೇ ಹೆಪ್ಪುಗಟ್ಟಿದರೆ ಮೂಸೆ ಸೀಳಬಹುದು. ಹಿಡಿದಿಟ್ಟು ಮನುಷ್ಯರನ್ನು ಕರೆಯುವುದೇ ಸರಿ. ತಂಪು ನೀರು ನಿಂತರೆ ಮಾತ್ರ ಹೀಟರ್ ತಕ್ಷಣ ಬೀಳಬೇಕು. ಆ ಕೆಲಸ ಸಾಫ್ಟ್‌ವೇರ್‌ನದ್ದಲ್ಲ, ಫ್ಲೋ ಸ್ವಿಚ್‌ನಿಂದ ಹೀಟರ್‌ನ ಕರೆಂಟ್ ಕಡಿಯುವ ಕಾಂಟ್ಯಾಕ್ಟರ್‌ಗೆ ನೇರ ತಂತಿ ಇರಲೇಬೇಕು.

ಇದೇ ಹುಡುಕಾಟದಲ್ಲಿ ಇನ್ನೊಂದು ಸಿಕ್ಕಿತು. ಮಳೆಯಲ್ಲಿ ಮೂರು ದಿನ ಇಂಟರ್‌ನೆಟ್ ಇಲ್ಲದೆ ಇದ್ದು ಮತ್ತೆ ಬಂದರೆ, ಕಂಪ್ಯೂಟರ್ ತನ್ನ ಗಡಿಯಾರವನ್ನು ಒಮ್ಮೆಲೇ ತಿದ್ದಿಕೊಳ್ಳುತ್ತದೆ. 3 ಸೆಕೆಂಡು ಜಿಗಿದರೂ 60 ಸೆಕೆಂಡಿನ ಲೆಕ್ಕದಲ್ಲಿ ಶೇಕಡಾ 5 ತಪ್ಪು, ವ್ಯಾಸದಲ್ಲಿ ಅರ್ಧ ಮಿಮೀ. ಬೆಳವಣಿಗೆಯ ಲೆಕ್ಕಕ್ಕೆ ಗೋಡೆ ಗಡಿಯಾರದ ಸಮಯ ಬಳಸಬೇಡಿ. ಕಂಪ್ಯೂಟರ್ ಆನ್ ಆದಾಗಿನಿಂದ ಮುಂದಕ್ಕೆ ಮಾತ್ರ ಓಡುವ ಕೌಂಟರ್ ಇರುತ್ತದೆ, ಅದನ್ನು ಬಳಸಿ.

ಎಲ್ಲ ಹಾಕಿದ ಮೇಲೆ ಹರಳಿಲ್ಲದೆ ಬರೀ ಕರಗಿನ ಮೇಲೆ ಪರೀಕ್ಷೆ ಮಾಡಿದೆವು. ಅಣ್ಣ ಡಬ್ಬಿ ತೆರೆದು ತಂತಿ ಕಿತ್ತು ಹಿಡಿದುಕೊಂಡರು. ನಾನು ಎಣಿಸಿದೆ. ಮೂರಕ್ಕೆ ಗಂಟೆ ಹೊಡೆಯಿತು. ಔಟ್‌ಪುಟ್ ಅಲ್ಲಾಡಲಿಲ್ಲ. ತಂತಿ ಮತ್ತೆ ಹಾಕಿದಾಗ ಸಂಖ್ಯೆ ಬೂದಿನಿಂದ ಕಪ್ಪಾಯಿತು, ಕೊನೆಯ ಅಂಕಿ ಕುಣಿಯಿತು. ಹೀಗೆ ಹತ್ತು ಸಲ.

ಆಗಸ್ಟ್ ಕೊನೆಯ ಹರಳಿನಲ್ಲಿ ಕ್ಯಾಲಿಪರ್ 19.7ರಿಂದ 20.4ರ ಒಳಗೆ ನಿಂತಿತು, ಗ್ರಾಫೂ ಅದನ್ನೇ ಹೇಳಿತು. ಬೆಳಕಿಗೆ ಓರೆಯಾಗಿ ಹಿಡಿದರೆ 5 ಮಿಮೀಗೊಂದು ಸಣ್ಣ ಅಲೆ ಇನ್ನೂ ಕಾಣುತ್ತದೆ. 5 ಮಿಮೀ ಅಂದರೆ 9 ನಿಮಿಷ, ನಮ್ಮ ಚಿಲ್ಲರ್‌ನ ಕಂಪ್ರೆಸರ್ ಆನ್ ಆಗುವುದೂ 9 ನಿಮಿಷಕ್ಕೊಮ್ಮೆ. ನೀರಿನ ಆ ಏರಿಳಿತ ತಗ್ಗಲಿ ಅಂತ ಅದರ ದಾರಿಯಲ್ಲಿ 200 ಲೀಟರ್‌ನ ಡ್ರಮ್ ಒಂದನ್ನು ಸೇರಿಸಲು ಪೈಪ್ ತಂದಿಟ್ಟಿದ್ದೇವೆ.